ಮೊದಲು ಮನೆಯ ನಕ್ಷೆ ಹಾಕಿ

ಕೇಳುಗರಿಗೆ ನಮಸ್ಕಾರ. ಮನೆಯವರ ಬಗ್ಗೆ, ಬೆಳೆದ ಜಾಗದ ಬಗ್ಗೆ ಬರೆಯಬೇಕು ಅಂತ ಕೂತು, ಮೊದಲ ಪುಟದಲ್ಲೇ ನಿಂತುಹೋದವರು ತುಂಬಾ ಜನ ಇದ್ದೀರಿ. ಈ ಮಾತು ನಿಮಗಾಗಿ. ನಾನು ಹೇಳುವುದು ಒಂದೇ: ಬರೆಯುವ ಮೊದಲು ಮನೆಯ ನಕ್ಷೆ ಹಾಕಿ.

ಜಾಸ್ತಿ ಜನ ಶುರು ಮಾಡುವುದು ವಂಶಾವಳಿಯಿಂದ. ಆಮೇಲೆ "ನಮ್ಮ ತಂದೆ ಶಿಸ್ತಿನ ಮನುಷ್ಯ, ತಾಯಿ ಕರುಣಾಮಯಿ" ಅಂತ ಬರೆಯುತ್ತಾರೆ. ದಯವಿಟ್ಟು ಬೇಡ. ಈ ಮಾತು ಯಾರ ತಂದೆತಾಯಿಗಾದರೂ ಒಪ್ಪುತ್ತದೆ. ಓದುವವರ ಕಣ್ಣ ಮುಂದೆ ಯಾರೂ ಬಂದು ನಿಲ್ಲುವುದಿಲ್ಲ.

ನೆನಪಿಗೂ ಜಾಗಕ್ಕೂ ನಂಟಿದೆ. 1975ರಲ್ಲಿ ಗಾಡೆನ್ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು ಮುಳುಗುಗಾರರಿಗೆ ಪದಗಳ ಪಟ್ಟಿ ಕಲಿಸಿ ನೋಡಿದರು. ನೀರೊಳಗೆ ಕಲಿತದ್ದು ನೀರೊಳಗೇ ಚೆನ್ನಾಗಿ ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ. ನಿಮ್ಮ ಹಳೆಯ ಮನೆ ಈಗ ಇಲ್ಲದಿರಬಹುದು. ಕಾಗದದ ಮೇಲೆ ಅಲ್ಲಿಗೆ ಹೋಗಬಹುದು, ಅಲ್ವಾ?

ನನ್ನ ಹತ್ತಿರ ಬರವಣಿಗೆ ಕಲಿಯಲು ಒಬ್ಬ ಹಿರಿಯ ಹೆಣ್ಣುಮಗಳು ಬರುತ್ತಿದ್ದರು. ತೀರಿಹೋದ ತಂದೆಯ ಬಗ್ಗೆ ಮೂರು ಪುಟ ಬರೆದು ತಂದಿದ್ದರು. ಬರೀ ಹೊಗಳಿಕೆ. ನಾನು ಅದನ್ನು ಪಕ್ಕಕ್ಕಿಟ್ಟು, ಮನೆಯ ನಕ್ಷೆ ಹಾಕಿ ಅಂದೆ. ಬೇಸರದಿಂದಲೇ ಪೆನ್ಸಿಲ್ ಹಿಡಿದರು. ಬಾಗಿಲು, ಕೋಣೆ, ಕಿಟಕಿ. ಮೆಟ್ಟಿಲು ಬರೆಯುವಾಗ ಕೈ ನಿಂತಿತು. "ಇಲ್ಲೇ ಕೂರ್ತಿದ್ರು" ಅಂದರು.

"ಯಾರು?"

"ಅಪ್ಪ. ಎಲ್ಲರೂ ಮಲಗಿದ ಮೇಲೆ. ದೀಪ ಹಾಕ್ತಿರಲಿಲ್ಲ. ಸುಮ್ನೆ ಒಬ್ಬರೇ ಕೂತಿರ್ತಿದ್ರು."

ಆ ಮೂರು ಪುಟದಲ್ಲಿ ಇದರ ಸುಳಿವೇ ಇರಲಿಲ್ಲ! ಮಾರನೇ ವಾರ ಆ ಮೆಟ್ಟಿಲಿನ ಬಗ್ಗೆ ಒಂದೇ ಪುಟ ಬರೆದು ತಂದರು. ಓದಿ ನನಗೆ ಮಾತು ಹೊರಡಲಿಲ್ಲ. ಆಮೇಲೆ ಅವರು ತಮ್ಮನಿಗೆ ಫೋನ್ ಮಾಡಿ ಓದಿ ಹೇಳಿದರಂತೆ. ತಮ್ಮ ಅಂದನಂತೆ, "ಸುಮ್ನೆ ಕೂತಿರ್ಲಿಲ್ಲ ಅಕ್ಕ. ನಾನು ತಡವಾಗಿ ಬರ್ತಿದ್ದೆನಲ್ಲ, ನನಗೆ ಕಾಯ್ತಿದ್ರು."

ಪುಟ ಹರಿದು ಹಾಕುತ್ತೇನೆ ಅಂತ ಅವರು ಹಟ ಹಿಡಿದರು. ಬೇಡವೇ ಬೇಡ, ಎರಡನ್ನೂ ಇಡಿ ಅಂದೆ. ಅಕ್ಕ ಕಂಡದ್ದು ಒಂಟಿಯಾಗಿ ಕೂತ ಅಪ್ಪನನ್ನು. ತಮ್ಮ ಕಂಡದ್ದು ಕಾಯುತ್ತ ಕೂತ ಅಪ್ಪನನ್ನು. ಮೆಟ್ಟಿಲು ಒಂದೇ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಿರಿಯರನ್ನು ಕೇಳುವಾಗ ಉತ್ತರವನ್ನು ಪ್ರಶ್ನೆಯಲ್ಲೇ ತುಂಬಬೇಡಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಕಾರು ಅಪಘಾತದ ಚಲನಚಿತ್ರ ತೋರಿಸಿ ಪ್ರಶ್ನೆ ಕೇಳಿದರು. ಕೆಲವರಿಗೆ ಕಾರುಗಳು "ತಗುಲಿದಾಗ" ವೇಗ ಎಷ್ಟಿತ್ತು ಅಂತ, ಕೆಲವರಿಗೆ "ಅಪ್ಪಳಿಸಿದಾಗ" ಅಂತ. ವಾರದ ನಂತರ, ಚಿತ್ರದಲ್ಲಿ ಇಲ್ಲವೇ ಇಲ್ಲದ ಒಡೆದ ಗಾಜನ್ನು ನೋಡಿದೆವು ಅಂದವರು ಮೊದಲ ಗುಂಪಿನಲ್ಲಿ 50ಕ್ಕೆ 7, ಎರಡನೆಯದರಲ್ಲಿ 50ಕ್ಕೆ 16. ಹಾಗಾಗಿ "ಅಜ್ಜನಿಗೆ ತುಂಬಾ ಕೋಪ ಅಲ್ವಾ?" ಅಂತ ಕೇಳಬೇಡಿ. ನಕ್ಷೆ ಮುಂದಿಟ್ಟು, "ಈ ಕೋಣೆಯಲ್ಲಿ ಯಾರಿದ್ದರು?" ಅನ್ನಿ. ಆಮೇಲೆ ಸುಮ್ಮನಿರಿ. ಬದುಕಿರುವವರ ಬಗ್ಗೆ ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಲು ಕೊಡಿ.

ಇವತ್ತು ರಾತ್ರಿಯೇ ಒಂದು ಹಾಳೆ ತೆಗೆದುಕೊಳ್ಳಿ. ಮುಂಬಾಗಿಲಿನಿಂದ ಶುರು ಮಾಡಿ. ಅದು ಒಳಕ್ಕೆ ತೆರೆಯುತ್ತಿತ್ತಾ, ಹೊರಕ್ಕಾ? ಮೊದಲು ಎದ್ದು ಅದನ್ನು ತೆರೆಯುತ್ತಿದ್ದವರು ಯಾರು? ನಮಸ್ಕಾರ.