ಮಗು ಕಂಡ ದೆವ್ವ

ಕೇಳುಗರೇ, ನಮಸ್ಕಾರ.

ದೆವ್ವದ ಸಿನಿಮಾ ನೋಡಿದ ರಾತ್ರಿ ಐದು ವರ್ಷದ ಮಗು ದೀಪ ಆರಿಸಲು ಬಿಡುವುದಿಲ್ಲ. ‘ಅದೆಲ್ಲ ಸುಳ್ಳು ಪುಟ್ಟಾ, ಬಣ್ಣ ಹಚ್ಚಿಕೊಂಡ ಮನುಷ್ಯರು, ಮಲಗು’ ಎನ್ನುತ್ತೇವೆ. ಮಗು ತಲೆಯಾಡಿಸುತ್ತದೆ, ಅಮ್ಮನ ಸೆರಗನ್ನು ಮಾತ್ರ ಬಿಡುವುದಿಲ್ಲ. ಅದನ್ನು ಹಟವೆಂದು ಗದರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ದೊಡ್ಡವರ ಭಯದ ಲೆಕ್ಕವೇ ಬೇರೆ. ಪರದೆಯ ಮೇಲೆ ಬಾಗಿಲು ಕಿರುಗುಟ್ಟಿದರೆ ನಮ್ಮ ಎದೆಯೂ ಡವಗುಟ್ಟುತ್ತದೆ. ಅಪಾಯ ಕಳೆದ ಮೇಲೂ ದೇಹದ ಆ ಕಾವು ತಟ್ಟನೆ ಇಳಿಯುವುದಿಲ್ಲ. ಹಿಂದೆಯೇ ಬರುವ ನಿರಾಳಕ್ಕೆ ಅದೂ ಸೇರಿಕೊಂಡು ಖುಷಿ ಹೆಚ್ಚುತ್ತದೆ ಎಂದು ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ವಿವರಿಸಿದರು. ಕುರ್ಚಿಯಲ್ಲಿ ಸುರಕ್ಷಿತವಾಗಿ ಕುಳಿತಿದ್ದೇವೆಂಬ ಅರಿವು ನಮಗೆ ಉದ್ದಕ್ಕೂ ಇರುತ್ತದೆ. ಎಳೆಯ ಮಕ್ಕಳಲ್ಲಿ ಆ ಅರಿವು ಇನ್ನೂ ಗಟ್ಟಿಯಾಗಿರುವುದಿಲ್ಲ.

ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್. ಆಗ ಅಲ್ಲಿನ ಟಿವಿಯಲ್ಲಿ ಹಲ್ಕ್ ಎಂಬ ಧಾರಾವಾಹಿ ಬರುತ್ತಿತ್ತು. ಸಾಧು ವಿಜ್ಞಾನಿಯೊಬ್ಬನಿಗೆ ಕೋಪ ಬಂದರೆ ಅಂಗಿ ಹರಿದು, ಮೈ ಹಸಿರಾಗಿ ದೈತ್ಯನಾಗುತ್ತಾನೆ, ಆಪತ್ತಿನಲ್ಲಿರುವವರನ್ನು ಕಾಪಾಡುತ್ತಾನೆ. ದೊಡ್ಡ ಮಕ್ಕಳಿಗೆ ದೈತ್ಯ ಬಂದರೆ ಸಮಾಧಾನ. ಇನ್ನೂ ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಹೆದರುತ್ತಿದ್ದುದೇ ಆ ಗಳಿಗೆಯಿಂದ! ಅವನೂ ವಿಜ್ಞಾನಿಯೂ ಒಬ್ಬನೇ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಇನ್ನೊಂದು ಪ್ರಯೋಗದಲ್ಲಿ, ನೋಡಲು ವಿಕಾರವಾಗಿದ್ದರೂ ದಯೆಯಿಂದ ನಡೆದುಕೊಂಡ ಮುದುಕಿಯನ್ನು ಪುಟ್ಟ ಮಕ್ಕಳು ಕೆಟ್ಟವಳೆಂದೇ ಎಣಿಸಿದರು. ಆ ವಯಸ್ಸಿಗೆ ಕಣ್ಣು ಕಂಡದ್ದೇ ದಿಟ.

ಇದಕ್ಕೆ ತದ್ವಿರುದ್ಧವಾದದ್ದು 1983ರ ನವೆಂಬರ್ 20ರಂದು ಅಮೆರಿಕದ ಟಿವಿಯಲ್ಲಿ ಬಂದ, ಅಣುಯುದ್ಧದ ಬಗೆಗಿನ ಚಿತ್ರ. ಮಾರನೆಯ ರಾತ್ರಿ ಮನೆಗಳಿಗೆ ದೂರವಾಣಿ ಮಾಡಿ ಕೇಳಿದರೆ, ಪುಟ್ಟ ಮಕ್ಕಳು ಕಂಗೆಟ್ಟದ್ದು ಕಡಿಮೆ, ಹದಿಹರೆಯದವರು ಅವರಿಗಿಂತ ಹೆಚ್ಚು, ತಂದೆತಾಯಂದಿರು ಎಲ್ಲರಿಗಿಂತ ಹೆಚ್ಚು. ಅಲ್ಲಿ ಕೋರೆಹಲ್ಲಿನ ರಾಕ್ಷಸನಿರಲಿಲ್ಲ. ಇದ್ದದ್ದು ನಾಳೆ ಏನಾದೀತೆಂಬ ಯೋಚನೆ, ಅದು ಬಲಿತ ತಲೆಗೆ ಮಾತ್ರ ಎಟುಕುವಂಥದ್ದು.

ಹಾಗಾಗಿ ‘ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ, ಮಗುವಿಗೂ ತೋರಿಸಬಹುದು’ ಎಂದು ನಮ್ಮ ಅಳತೆಯಲ್ಲಿ ತೀರ್ಮಾನಿಸುವುದು ಸಲ್ಲದು.

ಕಣ್ಣು ಮುಚ್ಚಿಕೋ ಎನ್ನುತ್ತೇವಲ್ಲ, ಅದನ್ನೂ ಪರೀಕ್ಷಿಸಿದ್ದಾರೆ. ಸಂಶೋಧಕಿ ಬಾರ್ಬರಾ ವಿಲ್ಸನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಕಾದರೆ ಕಣ್ಣು ಮುಚ್ಚಿಕೊಳ್ಳಬಹುದು ಎಂದಾಗ ಚಿಕ್ಕ ಮಕ್ಕಳ ಭಯ ತಗ್ಗಿತು. ದೊಡ್ಡ ಮಕ್ಕಳ ಭಯ ಏರಿತು. ಪರದೆ ಮರೆಯಾದರೂ ಸದ್ದು ಕೇಳಿಸುತ್ತಲೇ ಇರುತ್ತದೆ. ಉಳಿದದ್ದನ್ನು ಕಲ್ಪಿಸಿಕೊಳ್ಳುವ ಶಕ್ತಿ ದೊಡ್ಡ ಮಕ್ಕಳಿಗಿರುತ್ತದೆ.

ಹತ್ತು ವರ್ಷದ ಅಕ್ಕ, ನಾಲ್ಕು ವರ್ಷದ ತಮ್ಮ ಒಟ್ಟಿಗೆ ನೋಡಿ ಹೆದರಿದ್ದಾರೆ ಎನ್ನಿ. ಅಕ್ಕನಿಗೆ ಆ ಮುಖವಾಡವನ್ನು ಹೇಗೆ ಮಾಡುತ್ತಾರೆಂದು ಬಿಡಿಸಿ ಹೇಳಿ, ಅವಳಿಗೆ ಮಾತು ಸಾಕು. ತಮ್ಮನಿಗೆ ಏನನ್ನೂ ವಿವರಿಸಬೇಡಿ. ಟಿವಿ ಆರಿಸಿ, ಮಡಿಲಲ್ಲಿ ಕೂರಿಸಿಕೊಳ್ಳಿ, ಕುಡಿಯಲು ಬಿಸಿ ಹಾಲು ಕೊಡಿ, ದೀಪ ಉರಿಯುತ್ತಿರಲಿ.

ನಮಸ್ಕಾರ.