‘ಮಾಡಲ್ಲ’ ಅಂದ ಜವಾನ, ಕೇಳಿಸಿಕೊಂಡ ಅಧಿಕಾರಿ

ಎಲ್ಲರಿಗೂ ನಮಸ್ಕಾರ. ಸೇನೆಯ ಶಿಸ್ತು ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಕೋರ್ಟ್ ಮಾರ್ಷಲ್. ಆದರೆ ಪಲ್ಟನ್ನಿನಲ್ಲಿ ನಡೆಯುವ ಎದುರುತ್ತರ, ಮೊಂಡುತನಗಳಲ್ಲಿ ಹೆಚ್ಚಿನವು ಅಲ್ಲಿಯವರೆಗೆ ಹೋಗುವುದಿಲ್ಲ. ಹೋಗಲೂಬಾರದು. ಇವತ್ತಿನ ಮಾತನ್ನು ಭಾರತೀಯ ಭೂಸೇನೆಗೆ, ಅಂದರೆ 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳಿಗೆ ಸೀಮಿತಗೊಳಿಸುತ್ತೇನೆ.

ಒಂದು ಸನ್ನಿವೇಶ ತೆಗೆದುಕೊಳ್ಳಿ. ಸಂಜೆ ರೋಲ್ ಕಾಲ್. ಸಿಪಾಯಿ ಒಬ್ಬ ಕುಡಿದು ಬಂದು ನಿಂತಿದ್ದಾನೆ. ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಇದಕ್ಕೆ ಗರಿಷ್ಠ 2 ವರ್ಷ ಸೆರೆ. ಹವಿಲ್ದಾರ್ ಎಲ್ಲರೆದುರು ಗದರಿಸುತ್ತಾನೆ, ಇವನು ತಿರುಗಿ ಬೈಯುತ್ತಾನೆ. ಈಗ ಅದು 40ನೇ ಸೆಕ್ಷನ್, 5 ವರ್ಷದವರೆಗೆ ಸೆರೆ. ಹವಿಲ್ದಾರ್ ರಟ್ಟೆ ಹಿಡಿದು ಎಳೆಯುತ್ತಾನೆ, ಇವನು ಕೈ ಬೀಸುತ್ತಾನೆ. ಕರ್ತವ್ಯದಲ್ಲಿರುವ ಮೇಲಿನವನ ಮೇಲೆ ಕೈ ಮಾಡಿದರೆ 14 ವರ್ಷದವರೆಗೆ ಸೆರೆ. ಕಾಯ್ದೆಯಲ್ಲಿ ‘ಮೇಲಧಿಕಾರಿ’ ಎಂಬುದರೊಳಗೆ ಜೆಸಿಒ (ಸುಬೇದಾರರಂಥ ಜೂನಿಯರ್ ಕಮಿಷನ್ಡ್ ಆಫೀಸರ್), ಹವಿಲ್ದಾರ್, ನಾಯಕ್ ಎಲ್ಲರೂ ಬರುತ್ತಾರೆ ಎಂಬುದನ್ನು ಮರೆಯಬೇಡಿ. ಐದು ನಿಮಿಷದೊಳಗೆ 2 ವರ್ಷದ ತಪ್ಪು 14 ವರ್ಷದ ತಪ್ಪಾಯಿತು. ಅದರಲ್ಲಿ ಅರ್ಧ ಪಾಲು ಹವಿಲ್ದಾರನದು.

ಆದ್ದರಿಂದಲೇ ಹಳೆಯ ಕಾಲದಿಂದ ಬಂದ ಪದ್ಧತಿಯೊಂದಿದೆ: ಕುಡಿದವನನ್ನು ಮೇಲಿನವನು ಮುಟ್ಟುವುದಿಲ್ಲ, ಅವನ ಜೊತೆ ವಾದಕ್ಕೂ ಇಳಿಯುವುದಿಲ್ಲ. ಅವನದೇ ದರ್ಜೆಯ ಇಬ್ಬರು ಸಿಪಾಯಿಗಳನ್ನು ಕರೆದು ಕ್ವಾರ್ಟರ್ ಗಾರ್ಡಿಗೆ, ಅಂದರೆ ಪಲ್ಟನ್ನಿನ ಕಾವಲು ಕೊಠಡಿಗೆ, ಕರೆದೊಯ್ಯಲು ಹೇಳುತ್ತಾನೆ. ದಾರಿಯಲ್ಲಿ ಗುದ್ದಿದರೂ ಅದು ಮೇಲಿನವನಿಗೆ ಬಿದ್ದ ಏಟಾಗುವುದಿಲ್ಲ. ನಶೆ ಪೂರ್ತಿ ಇಳಿಯುವವರೆಗೆ ಅವನನ್ನು ಯಾವ ಅಧಿಕಾರಿಯ ಮುಂದೆಯೂ ನಿಲ್ಲಿಸುವುದಿಲ್ಲ. ಇದು ಜವಾನನಿಗೆ ತೋರಿಸುವ ದಯೆಯೆಂದು ಕೆಲವರು ತಿಳಿಯುತ್ತಾರೆ. ನನ್ನ ಪ್ರಕಾರ ಇದು ಅಧಿಕಾರಿಯ ವಿವೇಕ. ಇರುವ ತಪ್ಪನ್ನು ಬೆಳೆಯಲು ಬಿಡದಿರುವುದೇ ಅವನ ಮೊದಲ ಕೆಲಸ.

ಇನ್ನು ಆಜ್ಞೆಯ ವಿಷಯ. 41ನೇ ಸೆಕ್ಷನ್ನಿನಲ್ಲಿ ಎರಡು ಉಪವಿಧಿಗಳಿವೆ. ಮೇಲಿನವನು ಖುದ್ದಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ, ಅಧಿಕಾರವನ್ನೇ ಧಿಕ್ಕರಿಸುವ ರೀತಿಯಲ್ಲಿ ಮೀರಿದರೆ 14 ವರ್ಷದವರೆಗೆ. ಬರೀ ಆಜ್ಞೆ ಮೀರಿದರೆ, ಸಕ್ರಿಯ ಸೇವೆಯಲ್ಲಿ (ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥದ್ದರಲ್ಲಿ) ಇಲ್ಲದಾಗ, 5 ವರ್ಷದವರೆಗೆ. ಕೇಸುಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಆಜ್ಞೆ ಕೊಟ್ಟ ರೀತಿಯಿಂದ. ‘ಏನಾದರೂ ಮಾಡ್ರೋ’ ಎಂದು ಗುಂಪಿನತ್ತ ಕೂಗಿದ್ದು ಆಜ್ಞೆಯಲ್ಲ. ಹೆಸರು ಹಿಡಿದು, ಯಾವ ಕೆಲಸ, ಎಷ್ಟು ಹೊತ್ತಿಗೆ ಎಂದು ಹೇಳಬೇಕು. ಅದು ಸೇನೆಯ ಕೆಲಸವೇ ಆಗಿರಬೇಕು; ಸಾಹೇಬರ ಮನೆಯ ತೋಟಕ್ಕೆ ನೀರು ಹಾಕುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮಾಡಬೇಕಾದ ಕೆಲಸಕ್ಕೆ ಬೆಳಿಗ್ಗೆ ಹತ್ತಕ್ಕೆ ‘ಮಾಡಲ್ಲ’ ಅಂದರೆ ಆಜ್ಞೆ ಮೀರಿದಂತೆ ಆಗುವುದಿಲ್ಲ, ಮೂರು ಗಂಟೆಯವರೆಗೆ ಕಾಯಬೇಕು. ಆ ಮಾತನ್ನೇ ಉದ್ಧಟತನ ಎನ್ನಬಹುದು, ಅದು ಬೇರೆ ಆರೋಪ. ಹೇಗೂ ಮೀರುತ್ತಾನೆ ಎಂದು ಗೊತ್ತಿದ್ದು, ಶಿಕ್ಷೆ ಹೆಚ್ಚಿಸಲೆಂದೇ ಒಡ್ಡಿದ ಆಜ್ಞೆಯೂ ನಿಲ್ಲುವುದಿಲ್ಲ.

ಆರೋಪ ಬಂತು ಎಂದುಕೊಳ್ಳಿ. ಬಂಧನದಲ್ಲಿಟ್ಟರೆ, ಆ ವಿಷಯ ಸಿಒಗೆ, ಅಂದರೆ ಪಲ್ಟನ್ನಿನ ಕಮಾಂಡಿಂಗ್ ಆಫೀಸರಿಗೆ, ವರದಿಯಾದ 48 ಗಂಟೆಯೊಳಗೆ ವಿಚಾರಣೆ ಶುರುವಾಗಬೇಕು. ಜವಾನನನ್ನು ಟೋಪಿ, ಬೆಲ್ಟ್ ತೆಗೆಸಿ ಸಿಒ ಮುಂದೆ ಮಾರ್ಚ್ ಮಾಡಿಸುತ್ತಾರೆ. ನಿಯಮ 22ರಂತೆ ಸಾಕ್ಷಿಗಳ ಮಾತು ಅವನೆದುರೇ ನಡೆಯಬೇಕು, ಪಾಟಿ ಸವಾಲು ಹಾಕಲು, ತನ್ನ ಸಾಕ್ಷಿಗಳನ್ನು ಕರೆಸಲು ಅವನಿಗೆ ಪೂರ್ತಿ ಅವಕಾಶ ಇರಬೇಕು. ಆರೋಪದಲ್ಲಿ ಹುರುಳಿಲ್ಲದಿದ್ದರೆ ಸಿಒ ಅಲ್ಲೇ ತಳ್ಳಿಹಾಕಬೇಕು. ಹುರುಳಿದ್ದರೆ 80ನೇ ಸೆಕ್ಷನ್ ಕೈಯಲ್ಲಿದೆ: 28 ದಿನದವರೆಗೆ ಮಿಲಿಟರಿ ಸೆರೆ, ಲೈನಿನಲ್ಲೇ (ಜವಾನರ ವಸತಿಯ ಆವರಣದಲ್ಲೇ) ಇರುವ ಶಿಕ್ಷೆ, ಹೆಚ್ಚುವರಿ ಗಾರ್ಡ್ ಡ್ಯೂಟಿ, ತಿಂಗಳಿಗೆ 14 ದಿನದ ಸಂಬಳದವರೆಗೆ ದಂಡ, ಛೀಮಾರಿ. ನಾಯಕ್, ಹವಿಲ್ದಾರರಿಗೆ ಸೆರೆಯಾಗಲಿ ಲೈನ್ ಶಿಕ್ಷೆಯಾಗಲಿ ಹೀಗೆ ಕೊಡುವಂತಿಲ್ಲ. ತೋಳಿನ ಮೇಲೆ ದರ್ಜೆಯ ಪಟ್ಟಿಯಿರುವವನನ್ನು ಸಿಪಾಯಿಗಳೆದುರು ಕ್ವಾರ್ಟರ್ ಗಾರ್ಡಿಗೆ ಹಾಕಿದರೆ ನಾಳೆ ಅವನ ಮಾತನ್ನು ಯಾರು ಕೇಳುತ್ತಾರೆ?

ಸಿಒಗೆ ಇನ್ನೂ ದೊಡ್ಡ ಆಯುಧವೊಂದಿದೆ, ಸಮರಿ ಕೋರ್ಟ್ ಮಾರ್ಷಲ್. ಸಿಒ ಒಬ್ಬನೇ ಕೋರ್ಟು, ಉಳಿದ ಇಬ್ಬರು ಹಾಜರಿರುತ್ತಾರೆ ಅಷ್ಟೇ. ಲೆಫ್ಟಿನೆಂಟ್ ಕರ್ನಲ್ ದರ್ಜೆಯ ಸಿಒ ಒಂದು ವರ್ಷದವರೆಗೆ ಸೆರೆ ವಿಧಿಸಬಹುದು, ನೌಕರಿಯಿಂದಲೂ ತೆಗೆಯಬಹುದು. ಅನಾಹುತಗಳೂ ಇಲ್ಲೇ. 1985ರಲ್ಲಿ ಸಿಗ್ನಲ್ ರೆಜಿಮೆಂಟಿನ ಜವಾನನೊಬ್ಬ ತನ್ನ ಅಧಿಕಾರಿಯಿಂದ ಕಿರುಕುಳವಾಗುತ್ತಿದೆ ಎಂದು ನೇರ ಮೇಲಿನವರಿಗೆ ಬರೆದ. ನಿಗದಿತ ದಾರಿ ಬಿಟ್ಟು ದೂರು ಕೊಟ್ಟದ್ದಕ್ಕೆ ಅದೇ ಅಧಿಕಾರಿ ಅವನಿಗೆ 28 ದಿನ ಸೆರೆ ಕೊಟ್ಟ. ಸೆರೆಯಲ್ಲಿದ್ದಾಗ ಸುಬೇದಾರ್ ಊಟ ಮಾಡು ಎಂದ, ಇವನು ಮಾಡಲಿಲ್ಲ. ಮರುದಿನವೇ ಸಮರಿ ಕೋರ್ಟ್ ಮಾರ್ಷಲ್, ಅದರಲ್ಲಿ ಕೂತವರ ಪೈಕಿ ಯಾರ ಮೇಲೆ ದೂರಿತ್ತೋ ಆ ಅಧಿಕಾರಿಯೂ ಇದ್ದ. ಒಂದು ವರ್ಷ ಕಠಿಣ ಸೆರೆ, ನೌಕರಿಯಿಂದ ವಜಾ. ಊಟ ಮಾಡದ್ದಕ್ಕೆ!

ರಂಜಿತ್ ಠಾಕೂರ್ ಪ್ರಕರಣ ಎಂದು ಹೆಸರಾದ ಇದನ್ನು 1987ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಕೂತವರ ಬಗ್ಗೆ ಆಕ್ಷೇಪವಿದೆಯೇ ಎಂದು 130ನೇ ಸೆಕ್ಷನ್ನಿನಂತೆ ಆರೋಪಿಯನ್ನು ಕೇಳಿರಲಿಲ್ಲ. ಪಕ್ಷಪಾತ ಅಳೆಯುವಾಗ ನ್ಯಾಯಾಧೀಶ ತನ್ನ ಮನಸ್ಸನ್ನಲ್ಲ, ಎದುರು ನಿಂತವನ ಮನಸ್ಸನ್ನು ನೋಡಬೇಕು ಎಂದರು. ಶಿಕ್ಷೆ ತಪ್ಪಿಗೆ ಮೀರಿದ್ದಾಗಿತ್ತು ಎಂದೂ ಹೇಳಿದರು. ತನ್ನ ವಿರುದ್ಧವೇ ನಡೆದ ಅಪರಾಧವನ್ನು, ತುರ್ತು ಕಾರಣವಿಲ್ಲದಿದ್ದರೆ, ಮೇಲಿನವರನ್ನು ಕೇಳದೆ ಸಿಒ ವಿಚಾರಿಸಬಾರದೆಂದು 120ನೇ ಸೆಕ್ಷನ್ನಿನಲ್ಲೂ ಇದೆ.

ಅವಸರದ ಇನ್ನೊಂದು ಬಲೆ ನಿಯಮ 34. ಆರೋಪವನ್ನು ಜವಾನನಿಗೆ ತಿಳಿಸಿದ ಮೇಲೆ ಕೋರ್ಟ್ ಶುರುವಾಗಲು ಕನಿಷ್ಠ 96 ಗಂಟೆ ಅಂತರ ಬೇಕು, ಸಕ್ರಿಯ ಸೇವೆಯಲ್ಲಾದರೆ 24. ಇದು ಕಡ್ಡಾಯ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಗಂಟೆಗಳನ್ನು ಉಳಿಸಲು ಹೋದ ಅಧಿಕಾರಿಗೆ ವರ್ಷಗಳ ನಂತರ ಇಡೀ ಕೇಸೇ ಕೈಬಿಡುತ್ತದೆ.

ಗುಂಪು ಸೇರಿದಾಗ ಲೆಕ್ಕ ಪೂರ್ತಿ ಬೇರೆ. ಒಬ್ಬನೇ ಮಾಡಿದರೆ ದಂಗೆಯಾಗುವುದಿಲ್ಲ. ಕೂಡಿ ಮಾಡಿದರೆ 37ನೇ ಸೆಕ್ಷನ್, ಮರಣದಂಡನೆಯವರೆಗೆ. ಹಾಗಾಗಿ ತಿಳಿದ ಅಧಿಕಾರಿ ಗುಂಪಿಗೆ ಆಜ್ಞೆ ಕೊಡುವುದಿಲ್ಲ. ಒಬ್ಬೊಬ್ಬನನ್ನೇ ಹೆಸರು ಹಿಡಿದು ಕರೆದು ಬೇರೆಬೇರೆಯಾಗಿ ಹೇಳುತ್ತಾನೆ. ಬಹಳ ಮಂದಿ ಅಲ್ಲೇ ಒಪ್ಪಿಕೊಳ್ಳುತ್ತಾರೆ, ಒಪ್ಪದವರು ಯಾರೆಂಬುದೂ ಗೊತ್ತಾಗುತ್ತದೆ. 1946ರ ಫೆಬ್ರವರಿಯಲ್ಲಿ ಮುಂಬಯಿಯ ತಲ್ವಾರ್ ನೌಕಾ ಕೇಂದ್ರದಲ್ಲಿ ಕಮಾಂಡರ್ ಹೊಲಸು ಮಾತಿನಲ್ಲಿ ಬೈದಾಗ ನಾವಿಕರು ಮೊದಲು ಮಾಡಿದ್ದು ಕಾನೂನಿನ ಪ್ರಕಾರವೇ: ಒಟ್ಟಾಗಿ ದೂರು ಕೊಡುವಂತಿಲ್ಲವಾದ್ದರಿಂದ ಒಬ್ಬೊಬ್ಬರಾಗಿ ಬರೆದುಕೊಟ್ಟರು. ಅದರಿಂದ ನ್ಯಾಯ ಸಿಗಲಿಲ್ಲ. 18ರಂದು ಬೆಳಗಿನ ತಿಂಡಿ ಬಿಟ್ಟರು, ಕೆಲವೇ ದಿನಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಹಡಗುಗಳಿಗೆ ಅದು ಹಬ್ಬಿತು. ದೂರಿನ ದಾರಿ ಮುಚ್ಚಿದ್ದಕ್ಕೆ ತೆತ್ತ ಬೆಲೆ ಅದು. ಇವತ್ತಿನ ಕಾಯ್ದೆಯಲ್ಲಿ 26ನೇ ಸೆಕ್ಷನ್ ಜವಾನನಿಗೆ ದೂರಿನ ಹಕ್ಕು ಕೊಟ್ಟಿದೆ. ಕೆಳಗಿನವನನ್ನು ಹಿಂಸಿಸಿದವನಿಗೆ 47ನೇ ಸೆಕ್ಷನ್ 7 ವರ್ಷದವರೆಗೆ ಸೆರೆ ಹೇಳಿದೆ. ಅಧಿಕಾರಿಗಳ ತರಬೇತಿಯಲ್ಲಿ 41ರಷ್ಟೇ ಒತ್ತು 47ಕ್ಕೂ ಸಿಗಬೇಕು.

ಶಿಕ್ಷೆ ಮುಗಿದ ಮೇಲೂ ಒಂದು ಬಾಲ ಉಳಿಯುತ್ತದೆ: ದಾಖಲೆಯಲ್ಲಿ ಬೀಳುವ ಕೆಂಪು ಶಾಯಿಯ ನಮೂದು. ನಾಲ್ಕು ಬಿದ್ದರೆ ಜವಾನನನ್ನು ಮನೆಗೆ ಕಳಿಸಿಬಿಡಬಹುದೆಂಬ ಅಭ್ಯಾಸ ಬೆಳೆದಿತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ನಾಲ್ಕು ಎಣಿಸಿದರೆ ಸಾಲದು, ಮೊದಲು ವಿಚಾರಣೆ ನಡೆಯಬೇಕು. ತಪ್ಪುಗಳು ಎಂಥವು, ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಷ್ಟದ ಜಾಗಗಳಲ್ಲಿ ಇದ್ದ, ಪಿಂಚಣಿಗೆ ಎಷ್ಟು ಹತ್ತಿರ ಬಂದಿದ್ದಾನೆ, ಇಷ್ಟನ್ನೂ ತೂಗಿ ನೋಡಬೇಕು. ಹಾಗಾಗಿ ಮೊದಲ ನಮೂದು ಬೀಳುವ ದಿನವೇ ಕಂಪನಿ ಕಮಾಂಡರ್ ಆ ಜವಾನನ ರಜೆ, ಮನೆಯ ತಾಪತ್ರಯ, ಅವನ ಮೇಲಿನ ಹವಿಲ್ದಾರ ಯಾರು ಎಂಬುದನ್ನು ತಿರುಗಿ ನೋಡುವುದು ಒಳ್ಳೆಯದು. ಬೇಕಾದರೆ ಬೇರೆ ಪ್ಲಟೂನಿಗೆ ಹಾಕಲಿ. ನಾಲ್ಕನೆಯದು ಬಿದ್ದ ಮೇಲೆ ಕಮಾಂಡರನ ಕೈಯಲ್ಲಿ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.