ಜಾಗ ಹಿಡಿಯುವ ಅನಿಲಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಗಾಳಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಆಮ್ಲಜನಕದ ಮಾತು. ನಾನು ಮಿಕ್ಕಿದ್ದರ ಬಗ್ಗೆ ಹೇಳುತ್ತೇನೆ. ಒಣಗಾಳಿ 100 ಲೀಟರ್ ಇದ್ದರೆ ಅದರಲ್ಲಿ 78 ಲೀಟರ್ ಸಾರಜನಕ, 21 ಲೀಟರ್ ಆಮ್ಲಜನಕ. ಉಳಿದ ಒಂದು ಲೀಟರಿನಲ್ಲಿ ಬಹುಪಾಲು ಆರ್ಗಾನ್. ನಾವು ಅಷ್ಟೊಂದು ಚರ್ಚೆ ಮಾಡುವ ಇಂಗಾಲದ ಡೈಆಕ್ಸೈಡ್, ಈ ಆರ್ಗಾನಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಇಲ್ಲ.

ಸಾರಜನಕ ತಾನೂ ಉರಿಯುವುದಿಲ್ಲ, ಇನ್ನೊಂದನ್ನು ಉರಿಯಲೂ ಬಿಡುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಆರ್ಗಾನ್ ಅಂತೂ ಯಾವ ಧಾತುವಿನ ಸಹವಾಸಕ್ಕೂ ಹೋಗುವುದಿಲ್ಲ. ಪಾಠದಲ್ಲಿ ಇದಕ್ಕೆ 'ಜಡ' ಎಂದು ಒಂದು ಪದ ಬರೆಸಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ದಯವಿಟ್ಟು ಅಲ್ಲಿಗೇ ಬಿಡಬೇಡಿ. ಜಡ ಅನಿಲ ಒಂದು ಕೆಲಸವನ್ನು ಖಂಡಿತ ಮಾಡುತ್ತದೆ: ಜಾಗ ಹಿಡಿಯುತ್ತದೆ. ಅದು ತುಂಬಿಕೊಂಡ ಕಡೆ ಆಮ್ಲಜನಕಕ್ಕೆ ಜಾಗವಿಲ್ಲ. ಅದರ ಉಪಯೋಗವೆಲ್ಲ ಇದರಿಂದಲೇ, ಅದರ ಅಪಾಯವೂ ಇದರಿಂದಲೇ.

ಆರ್ಗಾನ್ ಪತ್ತೆಯಾದ ಬಗೆಯನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಲಾರ್ಡ್ ರೇಲಿ ಎಂಬ ಭೌತವಿಜ್ಞಾನಿ ಅನಿಲಗಳ ತೂಕವನ್ನು ಅತಿ ನಿಖರವಾಗಿ ಅಳೆಯುತ್ತಿದ್ದರು. ಸಾರಜನಕವನ್ನು ಎರಡು ದಾರಿಯಲ್ಲಿ ತಯಾರಿಸಿದರು. ಒಂದು, ಗಾಳಿಯಿಂದ ಆಮ್ಲಜನಕವನ್ನು ಕಳೆದು. ಇನ್ನೊಂದು, ಅಮೋನಿಯಾದಿಂದ. ಎರಡೂ ಸಾರಜನಕವೇ ಆದಮೇಲೆ ತೂಕ ಒಂದೇ ಇರಬೇಕಲ್ಲ? ಇರಲಿಲ್ಲ. ಗಾಳಿಯಿಂದ ಬಂದದ್ದು ಲೀಟರಿಗೆ 1.2572 ಗ್ರಾಂ ತೂಗಿತು. ರಾಸಾಯನಿಕವಾಗಿ ತಯಾರಿಸಿದ್ದು 1.2505 ಗ್ರಾಂ. ವ್ಯತ್ಯಾಸ ಇನ್ನೂರರಲ್ಲಿ ಒಂದು ಪಾಲು. ಬೇರೆಯವರಾಗಿದ್ದರೆ ತಕ್ಕಡಿಯ ದೋಷ ಎಂದು ಕೈತೊಳೆದುಕೊಳ್ಳುತ್ತಿದ್ದರು. ರೇಲಿ ಬಿಡಲಿಲ್ಲ. ಹಗುರವಾದ ಅನಿಲವನ್ನು ಎಂಟು ತಿಂಗಳು ಹಾಗೇ ಇಟ್ಟು ಮತ್ತೆ ತೂಗಿದರು, ತೂಕ ಬದಲಾಗಲಿಲ್ಲ. ಅದಕ್ಕೂ ಮೊದಲೇ, 1892ರಲ್ಲಿ, 'ನೇಚರ್' ಎಂಬ ವಿಜ್ಞಾನ ಪತ್ರಿಕೆಗೆ ಪತ್ರ ಬರೆದು, ಇದಕ್ಕೆ ಕಾರಣ ಏನಿರಬಹುದು ಎಂದು ಓದುಗರನ್ನೇ ಕೇಳಿದರು. ಅಷ್ಟು ದೊಡ್ಡ ವಿಜ್ಞಾನಿ ಬಹಿರಂಗವಾಗಿ ಹಾಗೆ ಕೇಳಿದ್ದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ಆಮೇಲೆ ವಿಲಿಯಂ ರಾಮ್ಸೆ ಎಂಬ ರಸಾಯನವಿಜ್ಞಾನಿ ಕೈಹಾಕಿದರು. ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಮೆಗ್ನೀಸಿಯಂ ಸಾರಜನಕವನ್ನು ನುಂಗುತ್ತದೆ. ಎಷ್ಟು ಸಲ ಹಾಯಿಸಿದರೂ ಕೊನೆಗೆ ಸುಮಾರು ಎಂಬತ್ತರಲ್ಲಿ ಒಂದು ಪಾಲು ಉಳಿದುಬಿಡುತ್ತಿತ್ತು. ಅದರ ರೋಹಿತದಲ್ಲಿ, ಅಂದರೆ ಅದು ಸೂಸುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಪಟ್ಟಿಯಲ್ಲಿ, ಅದುವರೆಗೆ ಯಾರೂ ಕಾಣದ ಗೆರೆಗಳು. 1894ರಲ್ಲಿ ಇಬ್ಬರೂ ಸೇರಿ ಹೊಸ ಅನಿಲವನ್ನು ಪ್ರಕಟಿಸಿದರು. ಇನ್ನೂ ಸ್ವಾರಸ್ಯ ಕೇಳಿ: 1785ರಲ್ಲೇ ಹೆನ್ರಿ ಕ್ಯಾವೆಂಡಿಶ್ ಎಂಬ ವಿಜ್ಞಾನಿ ಗಾಳಿಗೆ ವಿದ್ಯುತ್ ಕಿಡಿ ಹಾಯಿಸಿ ಸಾರಜನಕವನ್ನೆಲ್ಲ ಮುಗಿಸಿದಾಗ ಒಂದು ಸಣ್ಣ ಗುಳ್ಳೆ ಉಳಿದಿತ್ತು. ನೂರಿಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದು ಅವರು ಬರೆದಿಟ್ಟಿದ್ದರು. ಆ ಗುಳ್ಳೆ ಏನೆಂದು ತಿಳಿಯಲು ನೂರು ವರ್ಷ ಕಾಯಬೇಕಾಯಿತು. ಯಾವುದರ ಜೊತೆಗೂ ಸೇರದೆ ಸುಮ್ಮನೆ ಜಾಗ ಹಿಡಿದು ಕೂತಿದ್ದ ಅನಿಲ ಅದು.

ಈ ಕಥೆಗೇ ಅರ್ಧ ಸಮಯ ಹೋಯಿತು. ಉಪಯೋಗಕ್ಕೆ ಬರೋಣ.

ಆರ್ಗಾನಿನ ಕೆಲಸ ಕಣ್ಣಿಗೆ ಕಾಣುವುದು ಟಿಗ್ ವೆಲ್ಡಿಂಗಿನಲ್ಲಿ, ಅಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಜ್ವಾಲೆ (ಆರ್ಕ್) ಹಾಯಿಸಿ ಲೋಹ ಬೆಸೆಯುವಾಗ. ಕರಗಿದ ಲೋಹಕ್ಕೆ ಗಾಳಿ ತಗುಲಿದರೆ ಬೆಸುಗೆ ಹಾಳು. ಅದಕ್ಕೇ ಟಾರ್ಚಿನ ಬಾಯಿಂದ ಆರ್ಗಾನ್ ಸುರಿದು ಗಾಳಿಯನ್ನು ಆಚೆ ತಳ್ಳುತ್ತೇವೆ. ಸಾಮಾನ್ಯ ಕೆಲಸಕ್ಕೆ ನಿಮಿಷಕ್ಕೆ 8ರಿಂದ 12 ಲೀಟರ್ ಸಾಕು. ಜಾಸ್ತಿ ಬಿಟ್ಟರೆ ಇನ್ನೂ ಒಳ್ಳೆಯದು ಎಂದು 25ಕ್ಕೆ ಏರಿಸುವವರಿದ್ದಾರೆ. ಹಾಗೆ ಮಾಡಬೇಡಿ! ರಭಸ ಹೆಚ್ಚಾದರೆ ಅನಿಲ ಸುಳಿ ಸುತ್ತುತ್ತದೆ, ಸುಳಿಯ ಜೊತೆ ಹೊರಗಿನ ಗಾಳಿ ಒಳಗೆ ಬರುತ್ತದೆ, ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. ಎದುರಿಗೆ ಫ್ಯಾನ್ ಇಟ್ಟರೂ ಅದೇ ಗತಿ. ಆರ್ಕ್ ಆರಿದ ಕೂಡಲೇ ಟಾರ್ಚ್ ಎತ್ತಬೇಡಿ. ಪ್ರತಿ 10 ಆಂಪಿಯರಿಗೆ ಒಂದು ಸೆಕೆಂಡ್ ಲೆಕ್ಕದಲ್ಲಿ ಅನಿಲ ಹರಿಯುತ್ತಿರಲಿ; 100 ಆಂಪಿಯರ್ ಇದ್ದರೆ 10 ಸೆಕೆಂಡ್. ಮೊದಲೇ ಎತ್ತಿದರೆ ಟಂಗ್‌ಸ್ಟನ್ ಕಡ್ಡಿ ಕಪ್ಪಾಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಬೆಸೆಯುವಾಗ ಒಳಗಡೆಯೂ ಆರ್ಗಾನ್ ತುಂಬಬೇಕು, ಇಲ್ಲವಾದರೆ ಒಳಮೈಯಲ್ಲಿ ಕರೀ ಹರಳು ಹರಳಾದ ಹೊಪ್ಪಳೆ ಕಟ್ಟುತ್ತದೆ. ಆರ್ಗಾನ್ ಗಾಳಿಗಿಂತ 1.38 ಪಟ್ಟು ಭಾರ. ಆದ್ದರಿಂದ ಕೆಳಗಿನಿಂದ ತುಂಬಿ, ಮೇಲಿನ ತೂತಿನಿಂದ ಗಾಳಿಯನ್ನು ಹೊರಗೆ ಬಿಡಿ.

ಇನ್ನುಳಿದದ್ದು ಚುಟುಕಾಗಿ. ಹಳೆಯ ಬಲ್ಬಿನೊಳಗೆ ಆರ್ಗಾನ್ ಮತ್ತು ಸಾರಜನಕ ಇರುತ್ತಿದ್ದವು. ಅದರಿಂದ ತಂತಿ ಬೇಗ ಸವೆಯುತ್ತಿರಲಿಲ್ಲ. ತಿಂಡಿ ಪೊಟ್ಟಣದೊಳಗಿನ ಸಾರಜನಕ ಎಣ್ಣೆ ಕಮಟದಂತೆ ಕಾಯುತ್ತದೆ. ಎಲ್ಲ ಕಡೆಯೂ ಒಂದೇ ಕೆಲಸ: ಆಮ್ಲಜನಕದ ಜಾಗ ಹಿಡಿಯುವುದು.

ಈಗ ಅಪಾಯ. ಇದನ್ನು ಗಮನವಿಟ್ಟು ಕೇಳಿ. ಉಸಿರು ಬಿಗಿಹಿಡಿದಾಗ ಕಷ್ಟವಾಗುವುದು ಆಮ್ಲಜನಕ ಕಡಿಮೆಯಾಗಿ ಅಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ಸಾರಜನಕವನ್ನೋ ಆರ್ಗಾನನ್ನೋ ಉಸಿರಾಡಿದರೆ ಡೈಆಕ್ಸೈಡ್ ಎಂದಿನಂತೆ ಹೊರಗೆ ಹೋಗುತ್ತಲೇ ಇರುತ್ತದೆ. ಹೀಗಾಗಿ ಉಸಿರುಗಟ್ಟಿದ ಅನುಭವವೇ ಆಗುವುದಿಲ್ಲ. ಆಮ್ಲಜನಕವೇ ಇಲ್ಲದ ಕಡೆ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಬಹುದು. ವಾಸನೆಯಿಲ್ಲ, ಕೆಮ್ಮಿಲ್ಲ, ಎಚ್ಚರಿಕೆಯಿಲ್ಲ.

ಆದ್ದರಿಂದ ಆರ್ಗಾನ್ ತುಂಬಿದ ಪೈಪಿನೊಳಗೆ ಬೆಸುಗೆ ಹೇಗಾಯಿತು ಎಂದು ತಲೆ ಹಾಕಿ ನೋಡಬೇಡಿ. ಇಂಥ ಅನಿಲ ಇದ್ದ ಟ್ಯಾಂಕಿಗೆ ಇಳಿಯುವ ಮುನ್ನ ಬ್ಲೋವರ್‌ನಿಂದ ಗಾಳಿ ಹಾಯಿಸಿ. ಗಾಳಿಯ ಬದಲು ಸಿಲಿಂಡರಿನ ಆಮ್ಲಜನಕವನ್ನು ಒಳಗೆ ಹಾಯಿಸಬೇಡಿ, ಬೆಂಕಿಗೆ ಅದು ಆಹ್ವಾನ. ಆಮ್ಲಜನಕ ಮೀಟರನ್ನು ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಇಳಿಸಿ ನೋಡಿ. 19.5 ಶೇಕಡಕ್ಕಿಂತ ಕೆಳಗಿದ್ದರೆ ಇಳಿಯುವ ಮಾತೇ ಇಲ್ಲ. ಇಳಿಯುವವರ ಸೊಂಟಕ್ಕೂ ಭುಜಕ್ಕೂ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿಯಲ್ಲಿ ಹೊರಗೊಬ್ಬರು. ಒಳಗಿದ್ದವರು ಕುಸಿದರೆ ಹೊರಗಿನವರು ಹಗ್ಗ ಎಳೆಯಬೇಕು, ಹಿಂದೆಯೇ ಇಳಿಯಬಾರದು. ಕಾಪಾಡಲು ಹಾಗೆ ಇಳಿದವರು ಎಷ್ಟೋ ಸಲ ಅಲ್ಲೇ ಉಳಿದಿದ್ದಾರೆ.

ದ್ರವ ಸಾರಜನಕ ಬಳಸುವವರಿಗೆ ಒಂದು ಮಾತು. ಅದು ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ, ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಪಾತ್ರೆಗೆ ಬಿಗಿ ಮುಚ್ಚಳ ಹಾಕಬೇಡಿ, ಒತ್ತಡಕ್ಕೆ ಸಿಡಿಯುತ್ತದೆ. ಲಿಫ್ಟಿನಲ್ಲಿ ಸಾಗಿಸುವುದಾದರೆ ಪಾತ್ರೆಯನ್ನು ಒಂಟಿಯಾಗಿ ಕಳಿಸಿ, ನೀವು ಮೆಟ್ಟಿಲು ಹತ್ತಿ ಹೋಗಿ. ಮೇಲಿನ ಮಹಡಿಯಲ್ಲಿ ಅದನ್ನು ಇಳಿಸಿಕೊಳ್ಳಲು ಒಬ್ಬರು ಮೊದಲೇ ನಿಂತಿರಲಿ.

ನಮಸ್ಕಾರ.